ಸರ್ವಾನುಮತದಿಂದ ಅಂಗೀಕರಿಸಲಾಯಿತು

ನಮ್ಮ ವಿಶ್ವವಿದ್ಯಾಲಯ 2017ರ ಪರಿಷ್ಕೃತ ಚೌಕಟ್ಟಿನಡಿ ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಮಂಡಳಿ) ಮೌಲ್ಯಮಾಪನಕ್ಕೆ ಹೊರಟಾಗ ಐಕ್ಯೂಎಸಿ (ಆಂತರಿಕ ಗುಣಮಟ್ಟ ಭರವಸಾ ಕೋಶ) ಸಂಯೋಜಕಿಯ ಹೊಣೆ ನನ್ನ ಮೇಲೆ ಬಿತ್ತು. ಏಳು ಮಾನದಂಡಗಳನ್ನು ಹಂಚಿಕೊಳ್ಳುವ ದಿನ ಸಂಶೋಧನೆಯದನ್ನು ಹಿರಿಯರು ಮೊದಲೇ ಎತ್ತಿಕೊಂಡರು. ಒಟ್ಟು 1000ದಲ್ಲಿ ಅದೊಂದಕ್ಕೇ 250 ಅಂಕ. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಆರನೆಯದು: ಆಡಳಿತ, ನಾಯಕತ್ವ ಮತ್ತು ನಿರ್ವಹಣೆ. ನೂರು ಅಂಕ. "ಅದರಲ್ಲೇನಿದೆ ಮೇಡಂ, ಒಂದು ಸಂಘಟನಾ ನಕ್ಷೆ ಬರೆದರೆ ಮುಗಿಯಿತು" ಎಂದರು ಸಹೋದ್ಯೋಗಿಯೊಬ್ಬರು.

ನಕ್ಷೆ ಒಂದು ಮಧ್ಯಾಹ್ನದಲ್ಲೇ ಮುಗಿಯಿತು. ಮೇಲೆ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಕೆಳಗೆ ನಿಕಾಯಗಳು, ಅಧ್ಯಯನ ಮಂಡಳಿಗಳು, ತೀರಾ ಕೆಳಗೆ ವಿದ್ಯಾರ್ಥಿಗಳು. ಬಾಣಗಳೆಲ್ಲ ಮೇಲಿನಿಂದ ಕೆಳಕ್ಕೇ ಇಳಿದಿದ್ದವು. ಅದನ್ನು ಆಗ ನಾನು ಗಮನಿಸಲೂ ಇಲ್ಲ.

ತೊಡಕು ಶುರುವಾದದ್ದು ವಿಕೇಂದ್ರೀಕರಣ ಮತ್ತು ಸಹಭಾಗಿತ್ವದ ಪ್ರಶ್ನೆಯಲ್ಲಿ. ಪುರಾವೆಗಾಗಿ ಐದು ವರ್ಷಗಳ ಸಭಾ ನಡಾವಳಿ ಪುಸ್ತಕಗಳನ್ನು ತರಿಸಿಕೊಂಡೆ. ಎರಡು ದಿನ ಓದಿದ್ದು ಒಂದೇ ವಾಕ್ಯ: "ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು." ಯಾರು ಏನು ಹೇಳಿದರು, ಯಾರಿಗೆ ಒಪ್ಪಿಗೆಯಿರಲಿಲ್ಲ, ಒಂದು ಸಾಲೂ ಇಲ್ಲ. ಒಂದು ವಿಭಾಗದಲ್ಲಿ ಎರಡು ವರ್ಷಗಳ ನಡಾವಳಿಗಳಲ್ಲಿ ದಿನಾಂಕ ಮಾತ್ರ ಬೇರೆ. 'ಪಠ್ಯಕ್ರಮ' ಎರಡರಲ್ಲೂ 'ಪಠ್ಯಕ್ರಕ' ಆಗಿತ್ತು.

ಗ್ರಂಥಾಲಯ ಸಮಿತಿಯ ಪುಸ್ತಕ ಮಾತ್ರ ಬೇರೆ ಜಾತಿಯದು. ಪರೀಕ್ಷೆಯ ತಿಂಗಳಲ್ಲಿ ರಾತ್ರಿ ಒಂಬತ್ತರವರೆಗೆ ತೆರೆದಿಡಬೇಕೆಂದು ವಿದ್ಯಾರ್ಥಿ ಪ್ರತಿನಿಧಿ ಕೇಳಿದ್ದಳು. ಸಿಬ್ಬಂದಿ ಸಾಲದು, ಕೊನೆಯ ಬಸ್ ಎಂಟೂವರೆಗೆ ಎಂದು ಗ್ರಂಥಪಾಲಕರು ವಿರೋಧಿಸಿದ್ದರು. ಮುಂದಿನ ಸಭೆಯಲ್ಲಿ ಪಾಳಿ ಹಾಕಿ ಒಂದು ತಿಂಗಳು ಪ್ರಯೋಗ ಮಾಡುವ ತೀರ್ಮಾನ. ಅದರಾಚೆಯ ಸಭೆಯಲ್ಲಿ ಯಾವ ಗಂಟೆಗೆ ಎಷ್ಟು ಮಂದಿ ಕುಳಿತಿದ್ದರು ಎಂಬ ಲೆಕ್ಕವಿಟ್ಟುಕೊಂಡು ಸಮಯವನ್ನು ಎಂಟಕ್ಕೆ ಇಳಿಸಿದ್ದರು, ಆದರೆ ವರ್ಷಪೂರ್ತಿ. ಇದನ್ನೆಲ್ಲ ಬರೆದಿಟ್ಟವರು ಒಬ್ಬ ದ್ವಿತೀಯ ದರ್ಜೆ ಸಹಾಯಕಿ. ಇಷ್ಟು ವಿವರವಾಗಿ ಏಕೆ ಬರೆದಿರಿ ಎಂದು ಕೇಳಿದರೆ, ತಪ್ಪು ಮಾಡಿದವರಂತೆ, "ಚಿಕ್ಕದಾಗಿ ಬರೆಯುವುದು ಹೇಗೆಂದು ನನಗೆ ಯಾರೂ ಹೇಳಿಕೊಡಲಿಲ್ಲ ಮೇಡಂ" ಎಂದರು.

ಅವರ ಪುಸ್ತಕವನ್ನೇ ಮಾದರಿಯಾಗಿಟ್ಟುಕೊಂಡು ಹೊಸ ನಮೂನೆ ಮಾಡಿದೆ. ವಿಷಯ ಮಂಡಿಸಿದವರು, ಬಂದ ಆಕ್ಷೇಪ, ತೀರ್ಮಾನ, ಯಾರು ಯಾವಾಗ ಮಾಡಬೇಕು. ಮುಂದಿನ ಸಭೆಯ ಮೊದಲ ವಿಷಯವೇ ಅನುಪಾಲನಾ ವರದಿ, ಅಂದರೆ ಹಿಂದಿನ ತೀರ್ಮಾನಗಳು ಜಾರಿಯಾದವೇ ಎಂಬ ಲೆಕ್ಕ. ಆಕ್ಷೇಪದ ಕಾಲಮಿಗೆ ದೊಡ್ಡ ರಾದ್ಧಾಂತವಾಯಿತು. "ನಮ್ಮ ಜಗಳವನ್ನು ನಾವೇ ದಾಖಲಿಸಿ ನ್ಯಾಕ್‌ನವರ ಕೈಗೆ ಕೊಡಬೇಕೇ?" ಎಂದು ಡೀನ್ ಒಬ್ಬರು ಕುಲಪತಿಗಳವರೆಗೂ ಹೋದರು. ಇನ್ನೊಬ್ಬರ ಸಲಹೆ ಇನ್ನೂ ಸುಲಭದ್ದು: ಹಳೆಯ ಪುಸ್ತಕಗಳನ್ನೇ ಹೊಸದಾಗಿ ಬರೆಸಿಬಿಡಿ. ನಾನು ಒಪ್ಪಲಿಲ್ಲ. ಪ್ರಾಮಾಣಿಕತೆಯ ಜೊತೆಗೆ ಹೆದರಿಕೆಯೂ ಇತ್ತು. ಆಗ ಸಂಖ್ಯೆಗಳ ಪ್ರಶ್ನೆಗಳನ್ನು ದಾಖಲೆ ತಾಳೆ ನೋಡಿ ಪರಿಶೀಲಿಸುತ್ತಿದ್ದರು. ಗುಣಾತ್ಮಕ ಪ್ರಶ್ನೆಗಳಿಗೆ ನ್ಯಾಕ್ ಕಳಿಸುವ ಹೊರಗಿನ ತಜ್ಞರ ಪೀರ್ ತಂಡವೇ ಬಂದು ಕೂರುತ್ತಿತ್ತು, ವಿದ್ಯಾರ್ಥಿಗಳನ್ನೂ ಬೋಧಕೇತರ ಸಿಬ್ಬಂದಿಯನ್ನೂ ಕರೆದು ಮಾತನಾಡಿಸುತ್ತಿತ್ತು. ಬರೆಸಿದ ಚರ್ಚೆಯನ್ನು ಅಷ್ಟು ಜನರಿಗೆ ಬಾಯಿಪಾಠ ಮಾಡಿಸುವುದು ಯಾರಿಂದ ಸಾಧ್ಯ?

ಭೇಟಿಯ ದಿನ ತಂಡದ ಸದಸ್ಯರೊಬ್ಬರು ನನ್ನ ನಕ್ಷೆಯನ್ನು ಪಕ್ಕಕ್ಕಿಟ್ಟು, "ಕೆಳಗಿನವರ ಮಾತಿನಿಂದ ಮೇಲಿನ ತೀರ್ಮಾನ ಬದಲಾದ ಒಂದು ಸಂಗತಿ ತೋರಿಸಿ" ಎಂದರು. ಗ್ರಂಥಾಲಯದ ಪುಸ್ತಕ ಕೊಟ್ಟೆ. ಮೂರೂ ಸಭೆಗಳನ್ನು ಓದಿ, "ಇಂಥದ್ದು ಇನ್ನೊಂದು?" ಎಂದು ಕೇಳಿದರು. ಹೊಸ ನಮೂನೆಗೆ ಆಗಿನ್ನೂ ಎಂಟು ತಿಂಗಳು. ತೋರಿಸಿದ ಇನ್ನೆರಡು ಉದಾಹರಣೆಗಳು ಅವರಿಗೂ ಸಪ್ಪೆ ಎನಿಸಿದವು, ನನಗೂ.

ಶ್ರೇಣಿ ಬಂತು, ಅಭಿನಂದನೆಯ ಬ್ಯಾನರೂ ಕಟ್ಟಿದ್ದಾಯಿತು. ಅದರ ಮರುವರ್ಷ ವಾರ್ಷಿಕ ವರದಿಗೆಂದು ಪುಸ್ತಕಗಳನ್ನು ಮತ್ತೆ ತರಿಸಿದಾಗ ಅರ್ಧದಷ್ಟು ವಿಭಾಗಗಳು 'ಸರ್ವಾನುಮತ'ಕ್ಕೆ ಮರಳಿದ್ದವು. ಗ್ರಂಥಾಲಯದ ಸಹಾಯಕಿ ಈಗ ಪರೀಕ್ಷಾ ವಿಭಾಗದಲ್ಲಿದ್ದಾರೆ. ಅಲ್ಲಿನ ನಡಾವಳಿಗಳು ವಿಪರೀತ ಉದ್ದವಾಗುತ್ತಿವೆ ಎಂದು ನನಗೆ ಒಂದು ದೂರು ಬಂದಿದೆ.