ಚೀಲ ತೆಗೆಸುವ ಮಾತು ಬಂದಾಗ ನಾನು ಮಾಡಿಕೊಂಡ ತಯಾರಿ

ನಮ್ಮ ಯಾದಗಿರಿ ಕಡೆ ಗರ್ಭಕೋಶಕ್ಕೆ ‘ಚೀಲ’ ಅಂತಾರೆ. ನನಗೆ 44 ದಾಟಿದ ಮೇಲೆ ಮುಟ್ಟು ಎಂಟು ಹತ್ತು ದಿನ ಹೋಗಲು ಶುರುವಾಯಿತು. ಒಂದು ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ಮಾಡಿಸಿದೆ. 5 ಸೆಂಟಿಮೀಟರ್ ಗಡ್ಡೆ ಇದೆ, ಬರೋ ವಾರವೇ ಚೀಲ ತೆಗೆದುಬಿಡೋಣ ಅಂದರು.

ನಮ್ಮ ವೈನಿ, ಅಂದರೆ ಅತ್ತಿಗೆಯದೂ ಅದೇ ಮಾತು. “ತೆಗೆಸಿಬಿಡವಾ, ಕಾಟ ಹೋಗ್ತದ. ನಂದು ತೆಗೆದು ಹನ್ನೆರಡ್ ವರ್ಷ ಆತು.” ವೈನಿ ತೆಗೆಸಿದ್ದು ಬಿಳಿ ಹೋಗುತ್ತದೆ ಅಂತ, ಅದೂ 32ನೇ ವಯಸ್ಸಿಗೆ. 2015ರ ಹೊತ್ತಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಬೇಕಿಲ್ಲದಿದ್ದರೂ ಚೀಲ ತೆಗೆದಿದ್ದಾರೆ ಅಂತ ದೊಡ್ಡ ಗದ್ದಲವಾಗಿತ್ತು, ತನಿಖೆಯೂ ನಡೆದಿತ್ತು. ಅದು ನನ್ನ ತಲೆಯಲ್ಲಿ ಕೂತಿತ್ತು. ಹಾಗಾಗಿ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಲಬುರಗಿಗೆ ರೆಫರಲ್ ಚೀಟಿ ಬರೆಸಿಕೊಂಡೆ.

ಹೋಗುವ ಮುಂಚೆ ಎರಡು ತಿಂಗಳು ಒಂದು ಕೆಲಸ ಮಾಡಿದೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಖಿನ ಕೆಳಗೆ, ಬದಲಿಸಿದ ಪ್ಯಾಡಿಗೊಂದು ಗೀಟು ಎಳೆದೆ. ರಕ್ತ ಹೆಪ್ಪುಗಟ್ಟಿ ಗಡ್ಡೆಗಡ್ಡೆಯಾಗಿ ಹೋದ ದಿನ ಗೀಟಿನ ಪಕ್ಕ ಒಂದು ಚುಕ್ಕೆ. ಮೂರನೇ ದಿನದ ಕೆಳಗೆ ಒಂಬತ್ತು ಗೀಟು, ನಾಲ್ಕು ಚುಕ್ಕೆ. ನಮ್ಮ ಮನೆಯವರು ಅದನ್ನು ನೋಡಿ, “ಹಾಲಿನ ಲೆಕ್ಕ ಇಷ್ಟ್ಯಾಕ ಬಂದದ?” ಅಂತ ಕೇಳಿದರು. ಇದು ಯಾವ ಲೆಕ್ಕ ಅಂತ ಹೇಳಿದೆ. ಆ ದಿನ ಹೆಚ್ಚು ಮಾತಾಡಲಿಲ್ಲ. ಮರುದಿನ ತಾವೇ ರಜೆ ಹಾಕಿ ಬರ್ತೀನಿ ಅಂದರು.

ಕಾಗದಪತ್ರದ ಗೋಳು ಬೇರೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಆದರೆ ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಕೊನೆಗೆ ‘ಮ್ಮ’, ಆಧಾರ್‌ನಲ್ಲಿ ‘ವ್ವ’. ಸರಿ ಮಾಡಿಸುವಷ್ಟರಲ್ಲಿ ಹದಿನೈದು ದಿನ ಹೋಯಿತು. ಆಪರೇಷನ್ ಹಿಂದಿನ ದಿನ ಇದು ಗೊತ್ತಾಗಿದ್ದರೆ ಏನು ಗತಿ, ಅಲ್ವಾ?

ದಪ್ಪ ಫೈಲು ಇತ್ತು ನಿಜ. ಅದನ್ನು ಬಿಚ್ಚಿ ನೋಡಲು ಓಪಿಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ಒಂದೇ ಹಾಳೆಯಲ್ಲಿ ಬರೆದೆ: ಎರಡು ಹೆರಿಗೆ, ಎರಡನೆಯದು ಸಿಸೇರಿಯನ್. ಬಿಪಿ ಮಾತ್ರೆಯ ಹೆಸರು. ಮೈಮೇಲೆ ದದ್ದು ಎಬ್ಬಿಸಿದ ಒಂದು ಇಂಜೆಕ್ಷನ್ನಿನ ಹೆಸರು. ಹಿಮೋಗ್ಲೋಬಿನ್ 7.4. ಹಿಂದುಗಡೆ ಮೂರು ಪ್ರಶ್ನೆ.

ಬೆಳಗಿನ ರೈಲು ಹತ್ತಿದೆವು. ವಾಡಿ ದಾಟುವ ಮುಂಚೆ ಒಂದು ತಪ್ಪು ಮಾಡಿದೆ, ಬಾತ್‌ರೂಮಿಗೆ ಹೋಗಿಬಂದೆ. ಹೊಟ್ಟೆ ಮೇಲಿಂದ ಮಾಡುವ ಸ್ಕ್ಯಾನಿಗೆ ಮೂತ್ರ ತುಂಬಿರಬೇಕಂತೆ. ಕಲಬುರಗಿಯಲ್ಲಿ ಒಂದು ಲೀಟರ್ ನೀರು ಕುಡಿದು, ಒಂದು ತಾಸು ಬೆಂಚಿನ ಮೇಲೆ ಕಾಲು ಬಿಗಿಹಿಡಿದು ಕೂತೆ.

ಡಾಕ್ಟರಮ್ಮ ಮೊದಲು ಕ್ಯಾಲೆಂಡರಿನ ಹಾಳೆಯನ್ನೇ ನೋಡಿದರು. ಗೀಟುಗಳ ಮೇಲೆ ಪೆನ್ನು ಓಡಿಸಿ ಎಣಿಸಿದರು. ಆಮೇಲೆ ನನ್ನ ಕಣ್ಣಿನ ರೆಪ್ಪೆ ಕೆಳಗೆಳೆದು, “ಮೊದಲು ರಕ್ತ ಏರಲಿ, ಆಪರೇಷನ್ ಮಾತು ಆಮೇಲೆ” ಅಂದರು. ಹಿಮೋಗ್ಲೋಬಿನ್ ಇಷ್ಟು ಕಡಿಮೆ ಇಟ್ಟುಕೊಂಡು, ಅರ್ಜೆಂಟ್ ಇಲ್ಲದ ಆಪರೇಷನ್ನಿಗೆ ಕೈ ಹಾಕುವುದಿಲ್ಲವಂತೆ. ಡ್ರಿಪ್ಪಿನಲ್ಲಿ ಐರನ್ ಕೊಟ್ಟರು. ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಇಷ್ಟು ದಿನ ಐರನ್ ಮಾತ್ರೆ ಯಾವುದರ ಜೊತೆ ನುಂಗುತ್ತಿದ್ದೆ ಅಂತ ಕೇಳಿದರು. ಚಹಾ ಜೊತೆ. ಚಹಾ ಕುಡಿದರೆ ಐರನ್ ಮೈಗೆ ಹತ್ತುವುದೇ ಕಡಿಮೆ ಅಂದರು. ವರ್ಷಗಟ್ಟಲೆ ಸುಮ್ನೆ ನುಂಗಿದ್ದೆ.

ಹಾಳೆ ತಿರುವಿ ನನ್ನ ಪ್ರಶ್ನೆ ಕೇಳಿದೆ. ತೆಗೆಯದಿದ್ದರೆ ಏನಾಗುತ್ತದೆ? ಇಂಥ ಗಡ್ಡೆ ಕ್ಯಾನ್ಸರ್ ಆಗುವುದು ತೀರಾ ಅಪರೂಪ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ ಅಂದರು. ಬೇರೆ ದಾರಿ? ಮಾತ್ರೆ ಇದೆ, ಚೀಲದೊಳಗೆ ಕೂರಿಸುವ ಹಾರ್ಮೋನಿನ ಲೂಪ್ ಇದೆ, ಅದಕ್ಕೂ ಕೇಳದಿದ್ದರೆ ಆಪರೇಷನ್. ಮೂರನೆಯದು ಕೇಳಿದಾಗ ಅವರು ಬರೆಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. “ಚೀಲ ತೆಗೆದರೂ ಅಂಡಾಶಯ ಉಳಿಸ್ತೀರೇನ್ರಿ?” ಚೆನ್ನಾಗಿದ್ದರೆ ಉಳಿಸ್ತೀವಿ, ಎರಡೂ ಅಂಡಾಶಯ ತೆಗೆದರೆ ಈ ವಯಸ್ಸಿಗೇ ಮುಟ್ಟು ನಿಂತವರ ಹಾಗೆ ಆಗ್ತೀರಿ, ಎಲುಬು ಬೇಗ ಸವೆಯುತ್ತದೆ ಅಂದರು.

ಊರಿಗೆ ಬಂದು ವೈನಿಯ ಹಳೆಯ ಡಿಸ್ಚಾರ್ಜ್ ಕಾಗದ ತೆಗೆಸಿ ಓದಿದೆ. ಎರಡೂ ಅಂಡಾಶಯ ತೆಗೆದಿದ್ದಾರೆ ಅಂತ ಬರೆದಿತ್ತು. ಅದನ್ನು ಅವರಿಗೆ ಯಾರೂ ಹೇಳಿರಲೇ ಇಲ್ಲ. “ಹೌದೇನವಾ?” ಅಂತ ಕಾಗದ ಮಡಚಿ ಮತ್ತೆ ಸೀರೆ ಕೆಳಗೆ ಇಟ್ಟರು.

ನನ್ನ ಪರೀಕ್ಷೆಯ ವರದಿ ಚೆನ್ನಾಗಿಯೇ ಬಂತು. ಲೂಪ್ ಹಾಕಿಸಿಕೊಂಡು ಮೂರು ತಿಂಗಳಾಯಿತು. ಆರು ತಿಂಗಳು ನೋಡೋಣ, ಆಮೇಲೆ ತೀರ್ಮಾನ ಅಂದಿದ್ದಾರೆ. ಆಪರೇಷನ್ ಆಗಲೇಬೇಕು ಅಂದರೆ ತೊಗರಿ ರಾಶಿ ಮುಗಿದ ಮೇಲೆ ಅಂತ ಗೊತ್ತು ಮಾಡಿಕೊಂಡಿದ್ದೇನೆ. ರಕ್ತ ಕೊಡಲು ಇಬ್ಬರು ತಮ್ಮಂದಿರಿಗೆ ಹೇಳಿಟ್ಟಿದ್ದೇನೆ. ಆರು ವಾರ ಭಾರ ಎತ್ತುವಂತಿಲ್ಲ ಅಂತ ಕೇಳಿದಾಗಿನಿಂದ ಮನೆಯವರು ದಿನಾ ಒಂದು ಕೊಡ ತಾವೇ ತರುತ್ತಿದ್ದಾರೆ. ಅರ್ಧ ದಾರಿಯಲ್ಲೇ ಚೆಲ್ಲುತ್ತದೆ, ಆದರೂ ತರುತ್ತಾರೆ. ಈ ತಿಂಗಳ ಕ್ಯಾಲೆಂಡರಿನಲ್ಲಿ ಒಟ್ಟು ಹದಿನಾಲ್ಕು ಗೀಟು, ಚುಕ್ಕೆ ಒಂದೂ ಇಲ್ಲ.