ಹದಿನಾಲ್ಕು ಅಂಕಣ, ಒಂದೂ ಪದವಿಲ್ಲ

ನಮ್ಮ ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟಗಳಲ್ಲಿ ಬಳಕೆಯಾಗುವ ಪದಗಳನ್ನು ಒಟ್ಟುಮಾಡಬೇಕೆಂದು ನಿಶ್ಚಯಿಸಿ ಎರಡು ವರ್ಷ ಕಳೆದಿದ್ದರೂ ನನ್ನ ಬಳಿ ಇದ್ದದ್ದು ಕಂಪ್ಯೂಟರಿನಲ್ಲಿ ಹದಿನಾಲ್ಕು ಅಂಕಣಗಳ ಒಂದು ಖಾಲಿ ಪಟ್ಟಿ. ಪದ, ಉಚ್ಚಾರ, ವ್ಯಾಕರಣ, ಅರ್ಥ, ಊರು, ಹೇಳಿದವರು ಹೀಗೆ. ತಲೆಬರಹದ ಸಾಲಿಗೆ ಹಸಿರು ಬಣ್ಣ ತುಂಬಿದ್ದೆ. ಹಸಿರು ತುಸು ಗಾಢವಾಯಿತೆನಿಸಿ ಅದನ್ನು ಬದಲಿಸಿಯೂ ಇದ್ದೆ.

ಸುಮ್ಮನೆ ಕುಳಿತಿದ್ದೆ ಎನ್ನುವಂತಿಲ್ಲ. ಶಾಲೆಗೆ ರಜೆ ಇದ್ದ ದಿನವೆಲ್ಲ ‘ತಯಾರಿ’ ನಡೆಯುತ್ತಿತ್ತು. 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದನ್ನು ತಿರುವುತ್ತ ಕುಳಿತರೆ ಹೊತ್ತು ಹೋದದ್ದು ತಿಳಿಯುತ್ತಿರಲಿಲ್ಲ. ಏಳುವಾಗ ಮಾತ್ರ ‘ಇದರ ಮುಂದೆ ನನ್ನದೇನು’ ಎಂಬ ಅಳುಕು ಉಳಿಯುತ್ತಿತ್ತು. ಆಮೇಲೆ ಪ್ರಶ್ನೆಗಳು. ಶಿರಸಿ ಕಡೆಯ ಪದಗಳನ್ನೂ ಸೇರಿಸಬೇಕೇ? ಆಡುಮಾತಿನ ರೂಪವನ್ನು ಹೇಗೆ ಬರೆಯಬೇಕು? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ, ಆದ್ದರಿಂದಲೇ ಅವುಗಳ ಹಿಂದೆ ಅಡಗಿಕೊಳ್ಳುವುದು ಸುಲಭವಾಯಿತು. ದೆವ್ವ ಮರಳಿ ಹೋಗಲೆಂದು ಒಂದು ಕಾಲದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ನಾನು ಅದನ್ನೇ ವಿದ್ವತ್ತಿನ ಭಾಷೆಯಲ್ಲಿ ಬರೆದು ತೂಗುಹಾಕಿದ್ದೆ.

ನಾಲ್ಕು ಜನರಿಗೆ ಹೇಳಿಬಿಟ್ಟರೆ ಮಾನಕ್ಕಾದರೂ ಅಂಜಿ ಕೆಲಸ ಮಾಡುತ್ತೇವೆ ಎನ್ನುತ್ತಾರೆ. ನನಗೆ ಅದು ತಿರುಗುಬಾಣವಾಯಿತು. ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತು ನಿಘಂಟಿನ ಕಥೆ ಹೇಳಿದಾಗ ಎಲ್ಲರೂ ತಲೆದೂಗಿದರು. ಆ ತಲೆದೂಗುವಿಕೆಯಲ್ಲೇ ಅರ್ಧ ಕೆಲಸ ಮುಗಿದ ಸುಖ ಸಿಕ್ಕಿತು. ಮರುವರ್ಷ ಅದೇ ಜನ ‘ಎಲ್ಲಿಗೆ ಬಂತು?’ ಎಂದಾಗ ನಾನು ಪಾಯಸ ಬಡಿಸುವವರನ್ನು ಹುಡುಕುತ್ತಿದ್ದೆ.

ವಿಚಿತ್ರವೆಂದರೆ ತೋಟದ ಕೆಲಸವನ್ನು ನಾನು ಎಂದೂ ಮುಂದೂಡಿದವನಲ್ಲ. ಮಳೆ ಹಿಡಿಯುವ ಮೊದಲು ಅಡಿಕೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ತಡವಾದರೆ ಕೊಳೆರೋಗ ಬಂದು ಎಳೆಗಾಯಿ ಉದುರುತ್ತದೆ. ಅಲ್ಲಿ ನನ್ನ ಮನಸ್ಸು ತಯಾರಾಗಿದೆಯೇ ಎಂದು ಯಾರೂ ಕೇಳುವುದಿಲ್ಲ, ದಿನವನ್ನು ಮೋಡ ಗೊತ್ತುಮಾಡುತ್ತದೆ. ನನ್ನ ನಿಘಂಟಿಗೆ ಅಂಥ ಮಳೆಗಾಲವೇ ಇರಲಿಲ್ಲ. ಇದು ಹೊಳೆದದ್ದು ಕೊಯ್ಲಿನ ಹೊತ್ತಿನಲ್ಲಿ, ಮರ ಹತ್ತಿ ಗೊನೆ ಇಳಿಸುವ ನಮ್ಮ ಕೊನೆಗಾರನ ಮಾತಿನಿಂದ. ಎರಡು ಸಾಲು ಮರ ಬಿಟ್ಟು ಮುಂದೆ ಹೋದವನನ್ನು ಯಾಕೆಂದು ಕೇಳಿದೆ. ‘ಅದು ಬಲಿತು ಹೋಯಿತು ಮೇಷ್ಟ್ರೇ. ಇನ್ನು ಕೆಂಪಡಿಕೆಗೆ ಬಾರದು, ಗೋಟಿಗೇ ಬಿಡಬೇಕು’ ಎಂದ. ಎಳೆಯದನ್ನು ಸುಲಿದು ಬೇಯಿಸಿದರೆ ಕೆಂಪಡಿಕೆ, ಮರದಲ್ಲೇ ಹಣ್ಣಾಗಲು ಬಿಟ್ಟು ಸಿಪ್ಪೆಸಹಿತ ಒಣಗಿಸಿದರೆ ಗೋಟು. ಅರವತ್ತು ದಾಟಿದ ಮನುಷ್ಯ, ಅವನ ಮಗ ಬೆಂಗಳೂರಿನಲ್ಲಿ ಕಾರು ಓಡಿಸುತ್ತಾನೆ. ಅವನು ಮರ ಹತ್ತುವುದು ಇನ್ನೆಷ್ಟು ಕೊಯ್ಲು?

ಅಂದು ರಾತ್ರಿ ಕಂಪ್ಯೂಟರ್ ತೆರೆಯಲಿಲ್ಲ. ಗೋಡೆಯ ದಿನದರ್ಶಿಕೆಯಿಂದ ಆ ದಿನದ ಹಾಳೆ ಹರಿದು ಅದರ ಬೆನ್ನಿಗೆ ‘ಗೋಟು’ ಎಂದು ಬರೆದೆ, ಕೆಳಗೆ ಅವನಾಡಿದ ವಾಕ್ಯ. ತಾರೀಖು ಆಗಲೇ ಅಚ್ಚಾಗಿತ್ತು. ಅಷ್ಟೇ ಕೆಲಸ.

ಮರುದಿನ ಒಂದು ಕಟ್ಟಳೆ ಮಾಡಿಕೊಂಡೆ: ದಿನಕ್ಕೊಂದು ಹಾಳೆ, ಕನಿಷ್ಠ ಒಂದು ಪದ, ಅದು ಬಂದ ವಾಕ್ಯ, ಆಡಿದವರು ಯಾರು. ಅರ್ಥ ಬರೆಯುವಂತಿಲ್ಲ. ಈ ಕೊನೆಯದೇ ನನ್ನನ್ನು ಉಳಿಸಿತು. ಅರ್ಥ ಬರೆಯಹೊರಟರೆ ವಿದ್ವಾಂಸನಾಗಬೇಕು, ವಾಕ್ಯ ಬರೆದುಕೊಳ್ಳಲು ಕಿವಿ ಇದ್ದರೆ ಸಾಕು. ಅರ್ಥಕ್ಕೆ ಅವಸರಪಟ್ಟಿದ್ದರೆ ‘ಚೊಗರು’ ಎಂಬುದಕ್ಕೆ ಒಗರು ಎಂದು ಬರೆದು ಮುಗಿಸುತ್ತಿದ್ದೆ. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ, ಮುಂದಿನ ಅಡಿಕೆಗೆ ಬಣ್ಣ ಕೊಡುವ ಆ ಕೆಂಪು ರಸ ನನ್ನ ಪಟ್ಟಿಯಿಂದ ತಪ್ಪಿಹೋಗುತ್ತಿತ್ತು. ಮೆಟ್ಟುಕತ್ತಿಯ ಮುಂದೆ ಸುಲಿಯಲು ಕುಳಿತ ಹೆಂಗಸರ ಜೊತೆ ಒಂದು ಸಂಜೆ ಕುಳಿತರೆ ಏಳೆಂಟು ಹಾಳೆಗಾಗುವಷ್ಟು ಪದ ಸಿಗುತ್ತಿತ್ತು. ಸುಲಿಯುವ ಯಂತ್ರ ಬಂದ ಮನೆಗಳಲ್ಲಿ ಪದವೂ ಇಲ್ಲ, ಹರಟೆಯೂ ಇಲ್ಲ. ಮೋಟಾರಿನ ಸದ್ದಿನಲ್ಲಿ ಯಾರು ಮಾತಾಡುತ್ತಾರೆ?

ನಲವತ್ತು ಹಾಳೆಯಾದ ಮೇಲೆ ಪಟ್ಟಿಯನ್ನು ತೆರೆದು ನೋಡಿದೆ. ಹದಿನಾಲ್ಕರಲ್ಲಿ ಒಂಬತ್ತು ಅಂಕಣ ಬೇಕೇ ಇರಲಿಲ್ಲ. ಶಿರಸಿಯ ಪ್ರಶ್ನೆಯೂ ತಾನಾಗಿ ಬಗೆಹರಿಯಿತು. ನನ್ನ ಕಿವಿಗೆ ಬಿದ್ದದ್ದು ಮಾತ್ರ, ಬೇರೆಯದು ಬೇರೆಯವರಿಗೆ.

ಕೊಯ್ಲು ಮುಗಿದಾಗ ಮತ್ತೆ ನಿಂತೆ, ಹನ್ನೊಂದು ವಾರ. ಪರೀಕ್ಷೆ, ಮೌಲ್ಯಮಾಪನ, ನಂಟರ ಉಪನಯನ. ನಿಂತದ್ದನ್ನು ಮತ್ತೆ ಹಿಡಿಯುವುದು ಮೊದಲ ಸಲಕ್ಕಿಂತ ಕಷ್ಟ, ಯಾಕೆಂದರೆ ಈಗ ನಾಚಿಕೆಯೂ ಸೇರಿರುತ್ತದೆ. ಬಿಟ್ಟ ದಿನಗಳ ಹಾಳೆಗಳನ್ನು ತುಂಬಿಸಲು ಹೋಗದೆ ಒಲೆಗೆ ಹಾಕಿ ಆ ದಿನದಿಂದಲೇ ಹಿಡಿದೆ. ಅಂದಿನಿಂದ ಪ್ರತಿ ಹಾಳೆಯ ಅಡಿಯಲ್ಲಿ ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಬರೆದಿಡುತ್ತೇನೆ. ಮರುದಿನ ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವ ಬದಲು ಯಾರನ್ನಾದರೂ ಕೇಳಿದರಾಯಿತು.

ಹಾಳೆಗಳೀಗ ಒಂದು ಬಿಸ್ಕತ್ತಿನ ಡಬ್ಬ ತುಂಬಿ ಎರಡನೆಯದಕ್ಕೆ ಬಂದಿವೆ. ನಿನ್ನೆಯದರ ಅಡಿಯಲ್ಲಿ ಹೀಗಿದೆ: ‘ಪ್ಲಾಸ್ಟಿಕ್ ಬರುವ ಮೊದಲು ಕರಡದ ಹುಲ್ಲಿನಿಂದ ಅಡಿಕೆ ಗೊನೆಗೆ ಮಳೆ ತಾಗದಂತೆ ಹೊದಿಸುವ ಕೊಟ್ಟೆ ಹೆಣೆಯುತ್ತಿದ್ದಾಗ, ಅದರ ತುದಿಯ ಗಂಟಿಗೆ ಏನೆನ್ನುತ್ತಿದ್ದರು?’ ದೊಡ್ಡತ್ತೆಗೆ ಗೊತ್ತಿರಬಹುದು. ಅವರು ಮಧ್ಯಾಹ್ನ ಮಲಗಿ ಎದ್ದ ಮೇಲೆ ಫೋನ್ ಮಾಡಬೇಕು.