ಮೊದಲು ಲೋಟ, ಆಮೇಲೆ ತಟ್ಟೆ: ಫಾಸ್ಟ್ ಫುಡ್ ಇಳಿಸಿಕೊಳ್ಳುವ ಕ್ರಮ

ಫಾಸ್ಟ್ ಫುಡ್ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂಬ ಮಾತನ್ನು ಕೇಳದವರಿಲ್ಲ. ಆದರೆ ಅದರಲ್ಲಿ ಕೆಟ್ಟದ್ದು ಯಾವುದು, ಅದು ದೇಹದೊಳಗೆ ಹೋಗಿ ಮಾಡುವುದೇನು, ಪೂರ್ತಿ ಬಿಡಲಾಗದವರು ಯಾವುದನ್ನು ಮೊದಲು ಬಿಡಬೇಕು ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಾಗಿ ಬರುವುದಿಲ್ಲ. ನಾಳೆಯಿಂದ ಎಲ್ಲವನ್ನೂ ಬಿಟ್ಟೆ ಎಂಬ ಶಪಥ ಬಹುಮಟ್ಟಿಗೆ ಎರಡನೆಯ ವಾರ ದಾಟುವುದಿಲ್ಲ. ಆದ್ದರಿಂದ ಬಿಡಲು ಸುಲಭವಾಗಿದ್ದು ಹೆಚ್ಚು ಲಾಭ ಕೊಡುವುದನ್ನು ಮೊದಲು ಕೈಗೆತ್ತಿಕೊಂಡು, ಕಷ್ಟವಾದದ್ದನ್ನು ಆಮೇಲೆ ನೋಡಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲ ವಾರ ಏನನ್ನೂ ಬಿಡಬೇಡಿ, ಬರೆದಿಡಿ, ಅಷ್ಟೆ. ಯಾವ ದಿನ, ಎಷ್ಟು ಹೊತ್ತಿಗೆ, ಏನು ತಿಂದಿರಿ, ಏನು ಕುಡಿದಿರಿ, ತಿನ್ನುವಾಗ ನಿಜಕ್ಕೂ ಹಸಿವಿತ್ತೇ ಎಂಬಷ್ಟು ಸಾಕು. 'ಅಪರೂಪಕ್ಕೊಮ್ಮೆ' ಎಂದುಕೊಂಡಿದ್ದದ್ದು ವಾರಕ್ಕೆ ನಾಲ್ಕು ಸಲ ಎಂದು ನನಗೆ ತಿಳಿದದ್ದು ಹೀಗೆ ಬರೆದಿಟ್ಟಾಗಲೇ. ಎಷ್ಟು ಸಲ ಎಂಬ ಲೆಕ್ಕಕ್ಕೆ ಮಹತ್ವವಿದೆ. ಅಮೆರಿಕದ ಯುವಜನರನ್ನು 15 ವರ್ಷ ಗಮನಿಸಿ 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಫಾಸ್ಟ್ ಫುಡ್ ತಿನ್ನುತ್ತಿದ್ದವರ ತೂಕವು ವಾರಕ್ಕೊಮ್ಮೆಗಿಂತ ಕಡಿಮೆ ತಿನ್ನುತ್ತಿದ್ದವರಿಗಿಂತ ಸುಮಾರು 4.5 ಕಿಲೋ ಹೆಚ್ಚು ಏರಿತ್ತು. ಇನ್ಸುಲಿನ್ ಪ್ರತಿರೋಧದ ಏರಿಕೆ ಎರಡು ಪಟ್ಟು ಇತ್ತು. ಇನ್ಸುಲಿನ್ ಇದ್ದರೂ ಜೀವಕೋಶಗಳು ಅದಕ್ಕೆ ಸರಿಯಾಗಿ ಓಗೊಡದ ಈ ಸ್ಥಿತಿಯೇ ಟೈಪ್ 2 ಮಧುಮೇಹಕ್ಕೆ ಹೋಗುವ ದಾರಿ.

ಎರಡನೆಯ ವಾರ ತಟ್ಟೆಯನ್ನು ಮುಟ್ಟದೆ ಲೋಟವನ್ನು ಬದಲಿಸಿ. 330 ಮಿಲಿ ಲೀಟರಿನ ಸಾಮಾನ್ಯ ಕೋಲಾ ಡಬ್ಬಿಯೊಂದರಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ನಂಬಿಕೆ ಬಾರದಿದ್ದರೆ ಒಂದು ಲೋಟ ನೀರಿಗೆ ಒಂಬತ್ತು ಟೀ ಚಮಚ ಸಕ್ಕರೆ ಹಾಕಿ ಕದಡಿ, ಒಂದು ಗುಟುಕು ಕುಡಿದು ನೋಡಿ. ಗಂಟಲಿಗೆ ಅಂಟಿಕೊಳ್ಳುವ ಆ ಪಾಕವನ್ನು ಮುಗಿಸುವವರು ವಿರಳ. ಡಬ್ಬಿಯಲ್ಲಿ ಅದೇ ಸಿಹಿಯನ್ನು ತಂಪು, ಹುಳಿ ಮತ್ತು ಗ್ಯಾಸು ಸೇರಿ ಮರೆಮಾಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹೀಗೆ ಬೆರೆಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕಿಲೋ ಕ್ಯಾಲೊರಿ ತಿನ್ನುವವರಿಗೆ ಇದು ಕ್ರಮವಾಗಿ 50 ಮತ್ತು 25 ಗ್ರಾಂ ಆಗುತ್ತದೆ. ಅಂದರೆ ಎರಡನೆಯ ಮಿತಿಯನ್ನು ಒಂದು ಡಬ್ಬಿಯೇ ದಾಟಿಬಿಡುತ್ತದೆ. ಕುಡಿದ ಸಕ್ಕರೆ ಅಗಿದು ತಿಂದ ಆಹಾರದಷ್ಟು ಹೊಟ್ಟೆ ತುಂಬಿಸುವುದಿಲ್ಲವಾದ್ದರಿಂದ ನಾವು ಅದಕ್ಕೆ ಪ್ರತಿಯಾಗಿ ಊಟದಲ್ಲಿ ಕಡಿಮೆ ಮಾಡಿಕೊಳ್ಳುವುದೂ ಇಲ್ಲ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಅದರ ಬಹುಪಾಲನ್ನು ಸಂಭಾಳಿಸುವ ಹೊಣೆ ಯಕೃತ್ತಿನದು, ಮಿತಿಮೀರಿ ಬಂದಾಗ ಅದು ಸ್ವಲ್ಪವನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ಕಾಯಿಲೆ ಬಹಳ ಕಾಲ ಯಾವ ಲಕ್ಷಣವನ್ನೂ ತೋರದೆ ಬೆಳೆಯಬಲ್ಲದು.

ಹೀಗಾಗಿ ಪಾನೀಯದ ಜಾಗದಲ್ಲಿ ನೀರು ಅಥವಾ ಸಕ್ಕರೆಯಿಲ್ಲದ ಸೋಡಾ ಇರಲಿ. ಒಮ್ಮೆಗೇ ಆಗದವರು ದೊಡ್ಡ ಲೋಟದಿಂದ ಸಣ್ಣದಕ್ಕೆ, ಅಲ್ಲಿಂದ ವಾರಕ್ಕೊಮ್ಮೆಗೆ ಇಳಿಯಬಹುದು. ಕೃತಕ ಸಿಹಿಯ ಪಾನೀಯಗಳನ್ನು ನಾನು ಕಾಯಂ ಪರಿಹಾರವೆಂದು ಹೇಳಲಾರೆ. ತೂಕ ಇಳಿಸುವ ಸಾಧನವಾಗಿ ಅವುಗಳನ್ನು ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ಮುಂದಿನದು ಕಾಂಬೊ. ಬರ್ಗರ್, ದೊಡ್ಡ ಪೊಟ್ಟಣದ ಫ್ರೆಂಚ್ ಫ್ರೈಸ್, ದೊಡ್ಡ ಲೋಟದ ಪಾನೀಯ ಒಟ್ಟಾದರೆ 1000 ಕಿಲೋ ಕ್ಯಾಲೊರಿ ದಾಟುವುದು ಸಾಮಾನ್ಯ, ಅಂದರೆ ಒಂದೇ ಹೊತ್ತಿಗೆ ಅರ್ಧ ದಿನದ ಪಾಲು. ಆಲೂಗಡ್ಡೆಯನ್ನು ಕಾದ ಎಣ್ಣೆಗೆ ಬಿಟ್ಟಾಗ ಅದರ ನೀರು ಆವಿಯಾಗಿ ಹೋಗುತ್ತದೆ, ತೆರವಾದ ಜಾಗಕ್ಕೆ ಎಣ್ಣೆ ಇಳಿಯುತ್ತದೆ. ಒಂದು ಗ್ರಾಂ ಪಿಷ್ಟಕ್ಕೆ 4 ಕಿಲೋ ಕ್ಯಾಲೊರಿಯಾದರೆ ಒಂದು ಗ್ರಾಂ ಎಣ್ಣೆಗೆ 9. ಆದ್ದರಿಂದ ಬರ್ಗರ್ ಒಂದನ್ನೇ ಕೇಳಿ, ಉಳಿದೆರಡನ್ನು ಬೇಡವೆನ್ನಿ. ಸ್ವಲ್ಪ ಹಣ ಸೇರಿಸಿದರೆ ದೊಡ್ಡದು ಸಿಗುತ್ತದೆ ಎಂಬ ಆಮಿಷ ಬಂದೇ ಬರುತ್ತದೆ. ಅದಕ್ಕೆ ಉತ್ತರವನ್ನು ಸರತಿಯಲ್ಲಿ ನಿಲ್ಲುವ ಮೊದಲೇ ನಿರ್ಧರಿಸಿಕೊಂಡಿರಬೇಕು. ಭಾಗಶಃ ಹೈಡ್ರೋಜನೀಕರಿಸಿದ ಎಣ್ಣೆ ಎಂದು ಪೊಟ್ಟಣದ ಮೇಲೆ ಕಂಡರೆ ಅದನ್ನು ಹಾಗೆಯೇ ಕೆಳಗಿಡಿ, ಏಕೆಂದರೆ ಅದರಲ್ಲಿರುವ ಟ್ರಾನ್ಸ್ ಕೊಬ್ಬು ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದಲ್ಲದೆ ಒಳ್ಳೆಯದನ್ನು ಇಳಿಸುತ್ತದೆ.

ಉಪ್ಪಿನ ಲೆಕ್ಕ ನಾಲಿಗೆಗೆ ಸಿಗುವುದಿಲ್ಲ. ಬನ್ನು, ಚೀಸ್, ಸಾಸ್, ಸಂಸ್ಕರಿಸಿದ ಮಾಂಸ, ಹೀಗೆ ಪ್ರತಿಯೊಂದರಲ್ಲೂ ಅದು ಅಡಗಿರುತ್ತದೆ. ಪೊಟ್ಟಣದ ಮೇಲೆ ಸಾಮಾನ್ಯವಾಗಿ ಸೋಡಿಯಂ ಪ್ರಮಾಣವನ್ನು ಬರೆದಿರುತ್ತಾರೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. 1000 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಎರಡೂವರೆ ಗ್ರಾಂ ಉಪ್ಪು, ವಯಸ್ಕರಿಗೆ ಹೇಳಿದ 5 ಗ್ರಾಂ ದಿನಮಿತಿಯ ಅರ್ಧ. ಹೆಚ್ಚಾದ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ: ರಾತ್ರಿ ಎದ್ದು ನೀರು ಕುಡಿಯುವುದು, ಬೆಳಗ್ಗೆ ಉಂಗುರ ಬಿಗಿಯಾಗುವುದು ಇದರಿಂದಲೂ ಆಗಬಹುದು. ಇದೇ ಅಭ್ಯಾಸವಾದರೆ ರಕ್ತದೊತ್ತಡ ಏರಿ ಹೃದಯ, ಮಿದುಳು, ಮೂತ್ರಪಿಂಡ ಮೂರಕ್ಕೂ ಭಾರ. ಸಾಸನ್ನು ಪ್ರತ್ಯೇಕವಾಗಿ ಕೇಳಿ ಪಡೆದು, ಅದ್ದಿ ತಿನ್ನುವುದು ಸಣ್ಣ ಉಪಾಯವಾದರೂ ಫಲಕಾರಿ. ಕೆಲವು ವಾರಗಳಲ್ಲಿ ನಾಲಿಗೆ ಕಡಿಮೆ ಉಪ್ಪಿಗೆ ಹೊಂದಿಕೊಳ್ಳುತ್ತದೆ. ಸಂಸ್ಕರಿಸಿದ ಮಾಂಸಕ್ಕೆ ಇನ್ನೊಂದು ದೋಷವೂ ಇದೆ. ಅದು ದೊಡ್ಡ ಕರುಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ವರ್ಗೀಕರಿಸಿದೆ.

ಇನ್ನು ತಿನ್ನುವ ವೇಗ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿಯನ್ನು ಇರಿಸಿಕೊಂಡು ಎರಡು ವಾರ ಅತಿ ಸಂಸ್ಕರಿತ ಆಹಾರ (ಕಾರ್ಖಾನೆಯಲ್ಲಿ ಹಲವು ಹಂತ ದಾಟಿ ತಯಾರಾದದ್ದು, ಫಾಸ್ಟ್ ಫುಡ್ಡಿನ ಬಹುಪಾಲು ಇಂಥದೇ), ಎರಡು ವಾರ ಕನಿಷ್ಠ ಸಂಸ್ಕರಣೆಯ ಆಹಾರ ಬಡಿಸಿ, ಬೇಕಾದಷ್ಟು ತಿನ್ನಲು ಬಿಟ್ಟರು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲವನ್ನೂ ಸರಿದೂಗಿಸಿದ್ದರೂ ಅತಿ ಸಂಸ್ಕರಿತ ಆಹಾರದ ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋ ಕ್ಯಾಲೊರಿ ಹೆಚ್ಚು ತಿಂದರು, ಬೇಗಬೇಗನೆಯೂ ತಿಂದರು, ತೂಕ ಸುಮಾರು ಒಂದು ಕಿಲೋ ಏರಿತು. ಮೆತ್ತಗಿನ ತುತ್ತು ಹೆಚ್ಚು ಅಗಿಯದೆಯೇ ಇಳಿದುಹೋಗುವುದರಿಂದ ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟುವುದರೊಳಗೆ ತಟ್ಟೆ ಬರಿದಾಗಿರುತ್ತದೆ. ಗಾಡಿ ಓಡಿಸುತ್ತಲೋ ಮೊಬೈಲ್ ನೋಡುತ್ತಲೋ ತಿನ್ನದೆ ಕುಳಿತು ತಿನ್ನುವುದು, ಮೊದಲು ಒಂದು ಬಟ್ಟಲು ಹಸಿ ತರಕಾರಿಯನ್ನೋ ಇಡೀ ಹಣ್ಣನ್ನೋ ಅಗಿದು ಮುಗಿಸುವುದು ಇಲ್ಲಿ ನೆರವಾಗುತ್ತದೆ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು. ಫಾಸ್ಟ್ ಫುಡ್ಡಿನಲ್ಲಿ ಅದೇ ಕೊರತೆ, ಮಲಬದ್ಧತೆಗೆ ಇದೂ ಒಂದು ಕಾರಣ.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಆಹಾರವನ್ನು ಏಕಾಏಕಿ ಬದಲಿಸುವ ಮೊದಲು ವೈದ್ಯರೊಡನೆ ಮಾತನಾಡಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಉಳಿದವರು ಆರಂಭದಲ್ಲೇ ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಕೆಂಪು ರಕ್ತಕಣಗಳಿಗೆ ಅಂಟಿದ ಸಕ್ಕರೆಯನ್ನು ಅಳೆದು ಕಳೆದ ಎರಡು ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಚ್‌ಬಿಎ1ಸಿಯನ್ನು ಹದಿನೈದು ದಿನಕ್ಕೇ ಮತ್ತೆ ಮಾಡಿಸಿ ನಿರಾಶರಾಗಬೇಡಿ. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ಹಳೆಯ ಊಟದ ಗುರುತು ಹೊತ್ತ ಕಣಗಳು ಹೋಗಿ ಹೊಸವು ಬರಬೇಕಾದ್ದರಿಂದ ಎರಡನೆಯ ಪರೀಕ್ಷೆಯನ್ನು ಮೂರು ತಿಂಗಳ ನಂತರ ಮಾಡಿಸಿದರೆ ಸಾಕು.